'ಸಾಕು' ಅನ್ನುವ ಮಾತು ಎಲ್ಲಿ ಕಳೆದುಹೋಗುತ್ತದೆ? ಹಳೆಯ ಕಥೆಗಳ ದುರಾಸೆ ಮತ್ತು ಇವತ್ತಿನ ನಾವು

ಮುಟ್ಟಿದ್ದೆಲ್ಲ ಚಿನ್ನವಾಗಲಿ ಅಂತ ವರ ಕೇಳಿದ ರಾಜ ಮೈಡಾಸ್‌ನ ಕಥೆ ನಿಮಗೆ ಗೊತ್ತೇ ಇರುತ್ತದೆ. ಕೊನೆಗೆ ಏನಾಯ್ತು ಅಂತ ಯಾರನ್ನಾದರೂ ಕೇಳಿ ನೋಡಿ. ಮುದ್ದಿನ ಮಗಳನ್ನು ಮುಟ್ಟಿದ, ಅವಳೂ ಚಿನ್ನದ ಗೊಂಬೆಯಾಗಿಬಿಟ್ಟಳು ಅನ್ನುತ್ತಾರೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆದರೆ ಸುಮಾರು 2000 ವರ್ಷಗಳ ಹಿಂದೆ ರೋಮನ್ ಕವಿ ಓವಿಡ್ ಬರೆದ ಕಥೆಯಲ್ಲಿ ಮಗಳೇ ಇಲ್ಲ. ಅವಳನ್ನು ನಮ್ಮೆಲ್ಲರ ಮನಸ್ಸಿನಲ್ಲಿ ಕೂರಿಸಿದ್ದು 19ನೇ ಶತಮಾನದ ಅಮೆರಿಕನ್ ಲೇಖಕ ನಥಾನಿಯಲ್ ಹಾಥಾರ್ನ್. ಅವನು ಈ ಕಥೆಯನ್ನು ಮಕ್ಕಳಿಗಾಗಿ ಹೊಸದಾಗಿ ಹೇಳಿದ.

ಓವಿಡ್‌ನ ಮೈಡಾಸ್‌ಗೆ ಬರುವ ಕಷ್ಟ ತೀರಾ ಸಾದಾ. ಹಸಿವು. ಮೊದಲು ಮರದ ಕೊಂಬೆ ಮುರಿಯುತ್ತಾನೆ, ಚಿನ್ನ. ಕಲ್ಲು ಎತ್ತಿಕೊಳ್ಳುತ್ತಾನೆ, ಚಿನ್ನ. ಮಣ್ಣಿನ ಹೆಂಟೆ, ತೆನೆ, ಸೇಬು, ಬಾಗಿಲಿನ ಕಂಬ, ಎಲ್ಲಾ ಚಿನ್ನ. ಖುಷಿಯೋ ಖುಷಿ. ಊಟಕ್ಕೆ ಕೂರುತ್ತಾನೆ. ರೊಟ್ಟಿ ಕೈಯಲ್ಲೇ ಗಟ್ಟಿಯಾಗುತ್ತದೆ, ತುತ್ತಿಗೆ ಹಲ್ಲು ಹಾಕಿದರೆ ಹಲ್ಲಿಗೆ ತಗಲುವುದು ಚಿನ್ನದ ತಗಡು, ದ್ರಾಕ್ಷಾರಸ ಬಾಯೊಳಗೆ ಕರಗಿದ ಚಿನ್ನವಾಗಿ ಹರಿಯುತ್ತದೆ. ಆಗ ಕೈ ಎತ್ತಿ ದೇವರನ್ನು ಬೇಡಿಕೊಳ್ಳುತ್ತಾನೆ, ಈ ವರ ವಾಪಸ್ ತಗೋ ಅಂತ.

ಮಗಳು ಬಂದರೆ ಇದು 'ಪ್ರೀತಿ ದೊಡ್ಡದು, ಹಣ ಚಿಕ್ಕದು' ಅನ್ನುವ ಕಥೆಯಾಗುತ್ತದೆ. ಅದೂ ಒಳ್ಳೆಯದೇ. ಆದರೆ ಹಸಿವಿನ ಕಥೆ ಇನ್ನೂ ಚೂಪು. ಚಿನ್ನ ಯಾಕೆ ಬೇಕು? ಅದರಿಂದ ರೊಟ್ಟಿ ಬರುತ್ತದೆ ಅಂತ. ಈಗ ರೊಟ್ಟಿಯೇ ಚಿನ್ನವಾಗಿ ಕೂತಿದೆ. ಯಾವುದನ್ನು ಪಡೆಯುವುದಕ್ಕೆ ಹಣ ಬೇಕಾಗಿತ್ತೋ ಅದನ್ನೇ ಹಣ ತಿಂದುಹಾಕಿದೆ. ಓವಿಡ್‌ಗಿಂತ 300 ವರ್ಷಕ್ಕೂ ಹಿಂದೆ ಗ್ರೀಸ್‌ನ ಅರಿಸ್ಟಾಟಲ್ ಇದೇ ಮೈಡಾಸ್‌ನನ್ನು ನೆನೆದು ಕೇಳಿದ್ದ: ರಾಶಿ ರಾಶಿ ಇದ್ದರೂ ಮನುಷ್ಯ ಹಸಿವಿನಿಂದ ಸಾಯಬಹುದಾದರೆ ಅದು ಎಂಥ ಸಂಪತ್ತು? ಮನೆ ನಡೆಸಲು ಬೇಕಾದ ಸಂಪತ್ತಿಗೆ ಒಂದು ಅಳತೆ ಇದೆ, ಹಣದಿಂದ ಹಣ ಮಾಡುವ ಕೆಲಸಕ್ಕೆ ಅಳತೆಯೇ ಇಲ್ಲ ಅನ್ನುವುದು ಅವನ ವಾದ. ಯಾವ ಕಸುಬಿನ ಉಪಕರಣಕ್ಕಾದರೂ ಇಷ್ಟೇ ದೊಡ್ಡದಿರಬೇಕು ಅಂತ ಮಿತಿ ಇರುತ್ತದೆ. ಬಾಗಿಲಿಗಿಂತ ದೊಡ್ಡ ಸುತ್ತಿಗೆಯಿಂದ ಯಾರೂ ಮೊಳೆ ಹೊಡೆಯುವುದಿಲ್ಲ ಅಲ್ವಾ? ಹಣವೂ ಉಪಕರಣವೇ. ಅದಕ್ಕೆ ಮಾತ್ರ ಮಿತಿ ಬೇಡ ಅಂತ ನಮಗೆ ಅನ್ನಿಸುವುದು ಯಾಕೆ?

ಈ ಲೇಖನ ಆ ಪ್ರಶ್ನೆಯ ಬಗ್ಗೆ. ದುರಾಸೆ ಅಂದರೆ 'ಜಾಸ್ತಿ ಬೇಕು' ಅನ್ನುವುದು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಳೆಯ ಕಥೆಗಳನ್ನು ಸ್ವಲ್ಪ ನಿಧಾನವಾಗಿ ಓದಿದರೆ ಆ ಕಥೆಗಾರರು ಎಷ್ಟು ಬೇಕು ಅನ್ನುವುದರ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಂಡಿಲ್ಲ ಅನ್ನುವುದು ಕಾಣುತ್ತದೆ. ಅವರು ನೋಡುತ್ತಿದ್ದುದು ಬೇರೆಯದನ್ನು. ನಿಲ್ಲಬೇಕಾದ ಗೆರೆ ಎಲ್ಲಿತ್ತು, ಅದು ಹೇಗೆ ಅಳಿಸಿಹೋಯಿತು? ಒಂದೊಂದು ಕಥೆಯೂ ಈ ಅಳಿಸುವಿಕೆಯ ಒಂದೊಂದು ಬಗೆಯನ್ನು ತೋರಿಸುತ್ತದೆ. ಆ ಬಗೆಗಳು ಇವತ್ತಿಗೂ ಬದಲಾಗಿಲ್ಲ.

ಪಾಹೋಮ್ ಯಾವ ಹೆಜ್ಜೆಯಲ್ಲಿ ತಪ್ಪಿದ?

ಲಿಯೋ ಟಾಲ್‌ಸ್ಟಾಯ್ 1886ರಲ್ಲಿ ಬರೆದ ಒಂದು ಸಣ್ಣ ಕಥೆ ಇದೆ, ಮನುಷ್ಯನಿಗೆ ಎಷ್ಟು ಭೂಮಿ ಬೇಕು ಅನ್ನುವ ಪ್ರಶ್ನೆಯೇ ಅದರ ಹೆಸರು. ಅದರ ಕೊನೆ ತುಂಬಾ ಜನಕ್ಕೆ ಗೊತ್ತು. ರಷ್ಯಾದ ಹುಲ್ಲುಬಯಲಿನಲ್ಲಿ ವಾಸಿಸುವ ಬಷ್ಕೀರ್ ಜನ ಪಾಹೋಮ್ ಅನ್ನುವ ರೈತನಿಗೆ ಹೇಳುತ್ತಾರೆ: ಬೆಲೆ ದಿನಕ್ಕೆ 1000 ರೂಬಲ್, ಬೆಳಗ್ಗೆ ಹೊರಟು ಸೂರ್ಯ ಮುಳುಗುವುದರೊಳಗೆ ನೀನು ಸುತ್ತಿ ಬಂದಷ್ಟು ನೆಲ ನಿನ್ನದು, ಹೊರಟ ಜಾಗಕ್ಕೆ ಬಂದು ಸೇರದಿದ್ದರೆ ದುಡ್ಡು ಹೋಯಿತು. ಅವನು ಜಾಸ್ತಿ ದೂರ ಹೋಗುತ್ತಾನೆ, ಸಂಜೆ ಎದೆ ಒಡೆಯುವ ಹಾಗೆ ಓಡಿ ಬಂದು ಮುಟ್ಟುತ್ತಾನೆ, ಅಲ್ಲೇ ಬಿದ್ದು ಸಾಯುತ್ತಾನೆ. ಅವನನ್ನು ಹೂಳಲು ಬೇಕಾದದ್ದು ತಲೆಯಿಂದ ಕಾಲಿನವರೆಗೆ ಆರಡಿ.

ಈ ಕೊನೆಯನ್ನು ಮಾತ್ರ ಹೇಳಿ ಮುಗಿಸುವವರ ಮೇಲೆ ನನಗೆ ಸ್ವಲ್ಪ ಬೇಸರವಿದೆ. ಯಾಕೆಂದರೆ ಕಥೆಯ ಜೀವ ಇರುವುದು ಮೊದಲ ಅರ್ಧದಲ್ಲಿ. ಪಾಹೋಮ್ ಬಡ ರೈತ. ಪಕ್ಕದಲ್ಲಿ ಒಬ್ಬ ಜಮೀನ್ದಾರಿಣಿಯ ಎಸ್ಟೇಟ್ ಇದೆ. ಅಲ್ಲಿನ ಮೇಲ್ವಿಚಾರಕ ಇವನ ಹಸುವೋ ಕುದುರೆಯೋ ಆ ಕಡೆ ನುಗ್ಗಿದಾಗಲೆಲ್ಲ ದಂಡ ಹಾಕುತ್ತಾನೆ. ದಂಡ ಕಟ್ಟಿ ಕಟ್ಟಿ ಸಾಕಾಗಿ, ಸ್ವಂತ ನೆಲ ಬೇಕು ಅಂತ ಆಸೆಪಡುತ್ತಾನೆ. ಇದನ್ನು ದುರಾಸೆ ಅನ್ನಲು ನನ್ನ ಬಾಯಿ ಬರುವುದಿಲ್ಲ. ಯಾರಿಗಾದರೂ ನ್ಯಾಯವಾಗಿ ಬರಬೇಕಾದ ಆಸೆ ಅದು. ಸಾಲ ಸೋಲ ಮಾಡಿ ನೆಲ ಕೊಳ್ಳುತ್ತಾನೆ, ಒಳ್ಳೆ ಬೆಳೆ ಬರುತ್ತದೆ, ಸಾಲ ತೀರಿಸುತ್ತಾನೆ. ತನ್ನದೇ ಹೊಲ ಉಳಲು ಹೋದಾಗ ಅಲ್ಲಿನ ಹುಲ್ಲು ಕೂಡ ಬೇರೆ ಥರ ಕಾಣುತ್ತದೆ. ಓದುವ ನಮಗೂ ಖುಷಿಯಾಗುತ್ತದೆ.

ಆಮೇಲೆ ನೆರೆಯವರ ದನಗಳು ಇವನ ಹೊಲಕ್ಕೆ ನುಗ್ಗುತ್ತವೆ. ಮೊದಮೊದಲು ಸುಮ್ನೆ ಓಡಿಸುತ್ತಾನೆ. ಕೊನೆಗೆ ತಾಳ್ಮೆ ಕೆಟ್ಟು ದೂರು ಕೊಡುತ್ತಾನೆ. ಅವರಿಗೆ ದಂಡ ಬೀಳುತ್ತದೆ.

ನನ್ನ ಪ್ರಕಾರ ಪಾಹೋಮ್ ಗೆರೆ ದಾಟಿದ್ದು ಅಲ್ಲಿ. ಬಷ್ಕೀರರ ಬಯಲಿನಲ್ಲಿ ಅಲ್ಲ, ಅದಕ್ಕಿಂತ ಎಷ್ಟೋ ಮುಂಚೆ. ಯಾವ ನೋವಿನಿಂದ ತಪ್ಪಿಸಿಕೊಳ್ಳಲು ನೆಲ ಬೇಕಾಗಿತ್ತೋ, ನೆಲ ಸಿಕ್ಕ ಮೇಲೆ ಅದೇ ನೋವನ್ನು ಬೇರೆಯವರಿಗೆ ಕೊಟ್ಟ. ಆಸೆಗೆ ಇದ್ದ ಕಾರಣ ತೀರಿಹೋಗಿತ್ತು, ಆಸೆ ಮಾತ್ರ ಉಳಿದಿತ್ತು. ಕಾರಣ ತೀರಿದ ಆಸೆಗೆ ಎಲ್ಲಿ ನಿಲ್ಲಬೇಕು ಅಂತ ಹೇಳುವವರು ಯಾರು? ಅದಕ್ಕೇ ಬಯಲಿನಲ್ಲಿ ನಡೆಯುವಾಗ ಅವನು ಲೆಕ್ಕದಲ್ಲಿ ಜಾಣನೇ ಆಗಿದ್ದರೂ, ಇನ್ನೇನು ತಿರುಗಬೇಕು ಅನ್ನುವಷ್ಟರಲ್ಲಿ ಒಂದು ತೇವದ ತಗ್ಗು ಕಾಣುತ್ತದೆ, ಅಗಸೆ ಚೆನ್ನಾಗಿ ಬರುತ್ತದಲ್ಲ ಇಲ್ಲಿ, ಬಿಡೋದು ಹೇಗೆ ಅಂತ ಅದನ್ನೂ ಸೇರಿಸಿಕೊಂಡು ಸುತ್ತುತ್ತಾನೆ. ಆ ತಗ್ಗು ನಿಜವಾಗಿಯೂ ಒಳ್ಳೆಯ ನೆಲ. ಆ ಕ್ಷಣದಲ್ಲಿ ನಿಂತು ನೋಡಿದರೆ ಅವನ ಒಂದೊಂದು ಹೆಜ್ಜೆಯೂ ಸರಿಯೇ. ಒಟ್ಟು ದಾರಿ ಮಾತ್ರ ತಪ್ಪು.

ದೊಡ್ಡ ಮನೆಗೆ ದೊಡ್ಡ ಸಾಲ ತೆಗೆದುಕೊಂಡವರು, ಇನ್ನೆರಡು ವರ್ಷ ದುಡಿದು ಬಿಟ್ಟುಬಿಡ್ತೀನಿ ಅಂತ ಹತ್ತು ವರ್ಷದಿಂದ ಹೇಳುತ್ತಿರುವವರು, ಮಕ್ಕಳ ಭವಿಷ್ಯಕ್ಕೆ ಅಂತ ದುಡಿಯುತ್ತಾ ಆ ಮಕ್ಕಳು ಎದ್ದಿರುವಾಗ ಮನೆಯಲ್ಲೇ ಇರಲಾಗದವರು. ಇವರನ್ನೆಲ್ಲ ಕೆಟ್ಟವರು ಅನ್ನಲಾಗುತ್ತದೆಯೇ? ಒಂದೊಂದು ಹೆಜ್ಜೆಗೂ ಅವರ ಹತ್ತಿರ ಒಳ್ಳೆಯ ಕಾರಣ ಇದೆ. ದುರಾಸೆ ನಮಗೆ ಕಾಣದೇ ಹೋಗುವುದು ಇದಕ್ಕೇ. ಅದು ಬರುವಾಗ ದುರಾಸೆಯ ಮುಖ ಹೊತ್ತು ಬರುವುದಿಲ್ಲ, ಜವಾಬ್ದಾರಿಯ ಮುಖ ಹೊತ್ತು ಬರುತ್ತದೆ.

ದುರ್ಯೋಧನನ ಭಾಷಣ

ಮಹಾಭಾರತದಲ್ಲಿ ದುರ್ಯೋಧನನ ಲೋಭ ಅಂದ ಕೂಡಲೇ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಅಂದ ಮಾತು ನೆನಪಾಗುತ್ತದೆ. ಐದು ಊರು ಕೊಟ್ಟಿದ್ದರೆ ಯುದ್ಧವೇ ಇರುತ್ತಿರಲಿಲ್ಲ. ಆದರೆ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಅದಕ್ಕೂ ಬಹಳ ಹಿಂದೆ, ಸಭಾಪರ್ವದಲ್ಲಿ ಬರುವ ಒಂದು ಮಾತುಕತೆ. ಇಂದ್ರಪ್ರಸ್ಥಕ್ಕೆ ಹೋಗಿ ಬಂದ ದುರ್ಯೋಧನ ಸೊರಗಿಹೋಗಿದ್ದಾನೆ. ಅಪ್ಪ ಧೃತರಾಷ್ಟ್ರ ಕೇಳುತ್ತಾನೆ: ಒಳ್ಳೆಯ ಊಟ ಇದೆ, ಒಳ್ಳೆಯ ಬಟ್ಟೆ ಇದೆ, ಒಳ್ಳೆಯ ಕುದುರೆಗಳಿವೆ, ಏನು ಕಡಿಮೆಯಾಗಿದೆ ನಿನಗೆ, ಯಾಕಪ್ಪಾ ಬಾಡಿದ್ದೀಯ? ಮಗನ ಉತ್ತರದ ಸಾರ ಇಷ್ಟೇ: ನನ್ನದು ಕಡಿಮೆಯಾಗಿಲ್ಲ, ಅವರದು ಜಾಸ್ತಿಯಾಗಿದೆ.

ಇಂದ್ರಪ್ರಸ್ಥಕ್ಕೆ ಹೋಗುವ ಮೊದಲು ಅವನ ಹತ್ತಿರ ಏನಿತ್ತೋ ಬಂದ ಮೇಲೂ ಅಷ್ಟೇ ಇದೆ. ಒಂದು ಕಾಸೂ ಕಳೆದಿಲ್ಲ. ಆದರೂ ಬಡವನಾಗಿಬಿಟ್ಟಿದ್ದಾನೆ. ನೋಡಿದ್ದರಿಂದಲೇ ಬಡವನಾಗಿದ್ದಾನೆ.

ದುರ್ಯೋಧನ ಅಷ್ಟಕ್ಕೇ ನಿಲ್ಲಿಸುವುದಿಲ್ಲ, ಅದನ್ನೊಂದು ಸಿದ್ಧಾಂತವನ್ನಾಗಿ ಮಾಡುತ್ತಾನೆ. 'ಸಂತೋಷೋ ವೈ ಶ್ರಿಯಂ ಹಂತಿ' ಅನ್ನುತ್ತಾನೆ. ತೃಪ್ತಿಯು ಸಂಪತ್ತನ್ನು ಕೊಲ್ಲುತ್ತದೆ. ಇನ್ನೊಂದು ಕಡೆ 'ಅಸಂತೋಷಃ ಶ್ರಿಯೋ ಮೂಲಂ', ಅತೃಪ್ತಿಯೇ ಸಂಪತ್ತಿನ ಬೇರು, ಅದಕ್ಕೇ ನಾನು ಅದನ್ನು ಬಯಸುತ್ತೇನೆ ಅನ್ನುತ್ತಾನೆ. ಇಲ್ಲಿ ಒಂದು ಮಾತು ಹೇಳಬೇಕು. ಸಂಸ್ಕೃತದ ಈ ಸಾಲಿನಲ್ಲಿ ಸಂತೋಷ ಅಂದರೆ ಇದ್ದದ್ದರಲ್ಲಿ ತೃಪ್ತಿ. ಕನ್ನಡದಲ್ಲಿ ನಾವು ಅದೇ ಪದವನ್ನು ಖುಷಿ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ತೃಪ್ತಿಗೆ ಇಟ್ಟ ಹೆಸರು ನಮ್ಮ ಬಾಯಲ್ಲಿ ಖುಷಿಗೆ ಹೆಸರಾಯಿತು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ದುರ್ಯೋಧನನ ಆ ಎರಡು ಸಾಲುಗಳನ್ನು ಅವನ ಹೆಸರು ತೆಗೆದು ಇವತ್ತಿನ ಯಾವುದಾದರೂ ಸ್ಫೂರ್ತಿ ಭಾಷಣದಲ್ಲಿ ಇಟ್ಟು ನೋಡಿ. ತೃಪ್ತಿಪಡಬೇಡಿ, ಹಸಿದಿರಿ, ತೃಪ್ತಿಯಾದ ದಿನ ನಿಮ್ಮ ಬೆಳವಣಿಗೆ ನಿಂತಿತು. ಚಪ್ಪಾಳೆ ಬೀಳುತ್ತದೆ. ವ್ಯಾಸರು ಈ ಮಾತನ್ನು ದುರ್ಯೋಧನನ ಬಾಯಲ್ಲಿ ಹಾಕಿ, ಅದರ ಪರಿಣಾಮ ಏನು ಅಂತ ಮುಂದಿನ ಹದಿನೈದು ಹದಿನಾರು ಪರ್ವಗಳಲ್ಲಿ ತೋರಿಸಿದರು. ನಾವು ಮಾತನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಹಾಗಾದರೆ ಮುಂದೆ ಬರುವ ಹಂಬಲವೇ ತಪ್ಪಾ? ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಹಾರಿಕೆಯ ಉತ್ತರ ಕೊಡಬಾರದು. 1714ರಲ್ಲಿ ಬರ್ನಾರ್ಡ್ ಮ್ಯಾಂಡೆವಿಲ್ ಅನ್ನುವವನು ಜೇನುಗೂಡಿನ ಕಥೆ ಹೇಳಿ, ಒಬ್ಬೊಬ್ಬರ ದುರ್ಗುಣದಿಂದಲೇ ಸಮಾಜಕ್ಕೆ ಲಾಭ, ಎಲ್ಲರೂ ಸಾಧುಗಳಾದರೆ ಗೂಡು ಹಾಳು ಬೀಳುತ್ತದೆ ಅಂತ ವಾದಿಸಿದ. ದುರಾಸೆಯಿಂದಲೇ ಜಗತ್ತು ನಡೆಯುವುದು ಅನ್ನುವವರ ಮೂಲ ಅಲ್ಲಿದೆ. ಆದರೆ ಅರ್ಥಶಾಸ್ತ್ರದ ಪಿತಾಮಹ ಅಂತ ಕರೆಸಿಕೊಳ್ಳುವ ಆಡಂ ಸ್ಮಿತ್ 1759ರ ತನ್ನ ಪುಸ್ತಕದಲ್ಲಿ ಮ್ಯಾಂಡೆವಿಲ್‌ನನ್ನು ಒಪ್ಪಲಿಲ್ಲ. ತನ್ನ ಒಳ್ಳೆಯದನ್ನು ತಾನು ನೋಡಿಕೊಳ್ಳುವುದನ್ನೆಲ್ಲ ದುರ್ಗುಣ ಅಂತ ಕರೆದುಬಿಟ್ಟರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅನ್ನುವ ವ್ಯತ್ಯಾಸವೇ ಹೋಗುತ್ತದೆ ಅನ್ನುವುದು ಅವನ ತಕರಾರು. ನನಗೆ ಸ್ಮಿತ್ ಸರಿ ಅನ್ನಿಸುತ್ತಾನೆ. ಪಾಹೋಮ್‌ಗೆ ಮೊದಲು ಇದ್ದದ್ದು ಹಂಬಲ. ಅದಕ್ಕೆ ಬೇಕಾದ್ದು ಒಂದು ಹೊಲ. ದುರ್ಯೋಧನನಿಗೆ ಬೇಕಾದ್ದು ಹೊಲವಲ್ಲ, ಪಾಂಡವರ ಹತ್ತಿರ ಹೊಲ ಇಲ್ಲದಿರುವುದು. ಅದನ್ನು ಎಷ್ಟು ಕೊಟ್ಟರೂ ತುಂಬಿಸಲಾಗುವುದಿಲ್ಲ.

ಇನ್ನೂ ಒಂದು ಎಚ್ಚರ ಬೇಕು. ಈ ಕಥೆಗಳನ್ನು ಇಲ್ಲದವರಿಗೆ ತೃಪ್ತಿಯ ಪಾಠ ಹೇಳಲು ಬಳಸುವುದುಂಟು. ಸಂಬಳ ಕೇಳಿದವನಿಗೆ ದುರಾಸೆ ಅನ್ನುವುದುಂಟು. ಅದು ಅನ್ಯಾಯ. ಮೈಡಾಸ್ ರಾಜ, ದುರ್ಯೋಧನ ರಾಜ, ಯಯಾತಿ ರಾಜ. ಕಥೆಗಾರರು ಬೆರಳು ತೋರಿಸಿದ್ದು ಯಾರ ಕಡೆಗೆ ಅನ್ನುವುದು ಸ್ಪಷ್ಟವಾಗಿದೆ.

ತುಪ್ಪ ಹೊಯ್ದ ಬೆಂಕಿ

ಯಯಾತಿಯ ಕಥೆ ಆದಿಪರ್ವದಲ್ಲಿದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪು ಬರುತ್ತದೆ. ಯಾರಾದರೂ ಒಪ್ಪಿದರೆ ಮುಪ್ಪನ್ನು ಕೊಟ್ಟು ಯೌವನ ತಗೊಳ್ಳಬಹುದು ಅನ್ನುವ ಒಂದು ವಿನಾಯಿತಿ ಇದೆ. ಐದು ಮಕ್ಕಳಲ್ಲಿ ನಾಲ್ವರು ಒಲ್ಲೆ ಅನ್ನುತ್ತಾರೆ, ಕಿರಿಯವನಾದ ಪೂರು ಒಪ್ಪುತ್ತಾನೆ. ಯಯಾತಿ ಮಗನ ಯೌವನ ತೊಟ್ಟು ಸಾವಿರ ವರ್ಷ ಸುಖಪಡುತ್ತಾನೆ. ಆಮೇಲೆ ಅವನೇ ಹೇಳುವ ಮಾತು: ಬಯಕೆ ಅನುಭವಿಸಿದರೆ ತಣಿಯುವುದಿಲ್ಲ, ತುಪ್ಪ ಹೊಯ್ದ ಬೆಂಕಿಯ ಹಾಗೆ ಇನ್ನೂ ಉರಿಯುತ್ತದೆ. ಭೂಮಿಯ ಮೇಲಿನ ಅಷ್ಟೂ ಧಾನ್ಯ, ಚಿನ್ನ, ಪಶು ಎಲ್ಲ ಸೇರಿದರೂ ಒಬ್ಬನಿಗೂ ಸಾಲದು.

ಇದನ್ನು ವೈರಾಗ್ಯದ ಮಾತು ಅಂತ ಬದಿಗಿಡಬೇಡಿ. ಇದು ಸಾವಿರ ವರ್ಷ ನಡೆಸಿದ ಪ್ರಯೋಗದ ವರದಿ. ಅನುಭವಿಸಿ ಅನುಭವಿಸಿ ಸಾಕಾಗುತ್ತದೆ, ಆಮೇಲೆ ನಿಲ್ಲಿಸ್ತೀನಿ ಅನ್ನುವ ನಂಬಿಕೆಯನ್ನೇ ಅವನು ಪರೀಕ್ಷೆ ಮಾಡಿದ. 1971ರಲ್ಲಿ ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಅನ್ನುವ ಮನಃಶಾಸ್ತ್ರಜ್ಞರು ಇಂಥದ್ದೇ ಒಂದನ್ನು ಸುಖದ ಟ್ರೆಡ್‌ಮಿಲ್ ಅಂತ ಕರೆದರು. ಹೊಸದು ಬಂದಾಗ ಖುಷಿ ಏರುತ್ತದೆ, ಸ್ವಲ್ಪ ದಿನಕ್ಕೆ ಅದೇ ಮಾಮೂಲಾಗುತ್ತದೆ, ಮತ್ತೆ ಅಷ್ಟೇ ಖುಷಿಗೆ ಇನ್ನೊಂದು ಮೆಟ್ಟಿಲು ಬೇಕು. ಓಡುತ್ತಲೇ ಇರುತ್ತೇವೆ, ಇದ್ದಲ್ಲೇ ಇರುತ್ತೇವೆ. 1978ರಲ್ಲಿ ಬ್ರಿಕ್‌ಮನ್ ಮತ್ತು ಜೊತೆಗಾರರು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದಾಗ, ಅವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಜಾಸ್ತಿ ಖುಷಿಯಾಗಿರಲಿಲ್ಲ. ದಿನನಿತ್ಯದ ಸಣ್ಣಪುಟ್ಟ ಸಂಗತಿಗಳಲ್ಲಿ ಸಿಗುವ ಸುಖ ಅವರಿಗೆ ಕಡಿಮೆಯೇ ಆಗಿತ್ತು. 22 ಜನ ಅಂದರೆ ತೀರಾ ಸಣ್ಣ ಗುಂಪು. ಆಮೇಲೆ ಸ್ವೀಡನ್‌ನಲ್ಲಿ ಲಾಟರಿ ಆಡಿದವರ ಮೇಲೆ ನಡೆದ ಬಹಳ ದೊಡ್ಡ ಅಧ್ಯಯನದಲ್ಲಿ ದೊಡ್ಡ ಮೊತ್ತ ಗೆದ್ದವರಿಗೆ ಬದುಕಿನ ಬಗ್ಗೆ ಸಮಾಧಾನ ಹೆಚ್ಚಾಗಿದ್ದು, ಅದು ವರ್ಷಗಳವರೆಗೆ ಉಳಿದಿದ್ದೂ ಕಂಡುಬಂತು. ಹಾಗಾಗಿ ಹಣದಿಂದ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು. ಯಯಾತಿಯೂ ಹಾಗೆ ಹೇಳಿಲ್ಲ. ಬೆಂಕಿ ಆರಿಸಲು ತುಪ್ಪ ಸರಿಯಾದ ವಸ್ತುವಲ್ಲ ಅಂದ, ಅಷ್ಟೇ.

ತಾಮ್ರ, ಬೆಳ್ಳಿ, ಚಿನ್ನ, ಆಮೇಲೆ?

ಪಂಚತಂತ್ರದ ಕೊನೆಯ ಭಾಗದಲ್ಲಿ ನಾಲ್ಕು ಬಡ ಗೆಳೆಯರಿದ್ದಾರೆ. ಒಬ್ಬ ಯೋಗಿ ನಾಲ್ವರಿಗೂ ಒಂದೊಂದು ಬತ್ತಿ ಕೊಟ್ಟು, ಹಿಮಾಲಯದ ಕಡೆ ನಡೆಯಿರಿ, ಯಾರ ಬತ್ತಿ ಎಲ್ಲಿ ಬೀಳುತ್ತದೋ ಅಲ್ಲಿ ಅಗೆಯಿರಿ ಅನ್ನುತ್ತಾನೆ. ಮೊದಲನೆಯವನಿಗೆ ತಾಮ್ರ ಸಿಗುತ್ತದೆ, ಅವನು ಹೊತ್ತುಕೊಂಡು ವಾಪಸಾಗುತ್ತಾನೆ. ಎರಡನೆಯವನಿಗೆ ಬೆಳ್ಳಿ, ಅವನೂ ವಾಪಸು. ಮೂರನೆಯವನಿಗೆ ಚಿನ್ನ. ಅವನು ನಾಲ್ಕನೆಯವನಿಗೆ ಹೇಳುತ್ತಾನೆ, ಬಾ, ಇದರಲ್ಲೇ ಇಬ್ಬರೂ ಬೇಕಾದಷ್ಟು ತಗೊಂಡು ಹೋಗೋಣ. ನಾಲ್ಕನೆಯವನ ಉತ್ತರ ನೋಡಿ: ಮೊದಲು ತಾಮ್ರ, ಆಮೇಲೆ ಬೆಳ್ಳಿ, ಆಮೇಲೆ ಚಿನ್ನ, ಅಂದ ಮೇಲೆ ಮುಂದೆ ರತ್ನವೇ ಇರಬೇಕು.

ಒಬ್ಬನೇ ಮುಂದೆ ಹೋಗುತ್ತಾನೆ. ಬಿಸಿಲು, ಬಾಯಾರಿಕೆ. ಮೈಯೆಲ್ಲ ರಕ್ತವಾಗಿ, ತಲೆಯ ಮೇಲೆ ಚಕ್ರವೊಂದು ಗಿರ್ರನೆ ತಿರುಗುತ್ತಿರುವ ಒಬ್ಬ ಮನುಷ್ಯ ನಿಂತಿದ್ದಾನೆ. ಯಾರಯ್ಯಾ ನೀನು, ಇದೇನು ಅಂತ ಇವನು ಕೇಳಿದ್ದೇ ತಡ, ಚಕ್ರ ಅವನ ತಲೆ ಬಿಟ್ಟು ಇವನ ತಲೆಗೆ ಬರುತ್ತದೆ. ಇನ್ನೊಬ್ಬ ಹೀಗೆಯೇ ಬತ್ತಿ ಹಿಡಿದು ಬಂದು ಮಾತಾಡಿಸುವವರೆಗೂ ಬಿಡುಗಡೆ ಇಲ್ಲ. ಹಿಂದಿನವನು ಅಲ್ಲಿ ನಿಂತು ಎಷ್ಟು ಕಾಲವಾಗಿತ್ತು ಗೊತ್ತಾ? ಅವನು ಬಂದಾಗ ರಾಮ ರಾಜನಾಗಿದ್ದನಂತೆ.

ನಾಲ್ಕನೆಯವನು ದಡ್ಡನಲ್ಲ, ಅವನ ಹತ್ತಿರ ದತ್ತಾಂಶ ಇತ್ತು. ಮೂರು ಬಿಂದು, ಮೂರೂ ಮೇಲಕ್ಕೇ ಹೋಗುತ್ತಿವೆ. ಗೆರೆ ಎಳೆದ. ಬೆಲೆ ಸುಮ್ಮನೆ ಉಬ್ಬಿ ಉಬ್ಬಿ ಕೊನೆಗೆ ಒಡೆದುಹೋಗುವುದನ್ನು ಹಣದ ಜಗತ್ತಿನಲ್ಲಿ ಗುಳ್ಳೆ ಅನ್ನುತ್ತಾರೆ, ಅಂಥ ದೊಡ್ಡ ದೊಡ್ಡ ಗುಳ್ಳೆಗಳ ಹಿಂದೆ ಇದೇ ಗೆರೆ ಇದೆ. 1636ರಿಂದ 37ರ ಚಳಿಗಾಲದಲ್ಲಿ ಡಚ್ಚರು ಟುಲಿಪ್ ಗೆಡ್ಡೆಗಳಿಗೆ ಏರುತ್ತಲೇ ಹೋದ ಬೆಲೆ ಕೊಟ್ಟಿದ್ದು, 1720ರಲ್ಲಿ ಲಂಡನ್‌ನಲ್ಲಿ ಸೌತ್ ಸೀ ಕಂಪನಿಯ ಷೇರು ಆಕಾಶಕ್ಕೇರಿ ಬಿದ್ದದ್ದು, ಮನೆಗಳ ಬೆಲೆ ಇಳಿಯುವುದೇ ಇಲ್ಲ ಅಂತ ನಂಬಿ ಸಾಲದ ಮೇಲೆ ಸಾಲ ಕಟ್ಟಿದ ಗೋಪುರ 2008ರ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕಿನ ಜೊತೆ ಕುಸಿದದ್ದು. ಚಕ್ರದ ವಿಷಯದಲ್ಲೂ ಕಥೆ ಸರಿಯಾಗಿಯೇ ಹೇಳಿದೆ. ಏರಿದ ಬೆಲೆಗೆ ಕೊಂಡವನಿಗೆ ಬಿಡುಗಡೆ ಸಿಗುವುದು, ಅದಕ್ಕಿಂತ ಜಾಸ್ತಿ ಬೆಲೆಗೆ ಕೊಳ್ಳುವ ಇನ್ನೊಬ್ಬ ಬಂದಾಗ ಮಾತ್ರ.

ಹೀಗೆ ಮುಂದಿನವನ ತಲೆಗೆ ದಾಟಿಸುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. 1920ರಲ್ಲಿ ಬಾಸ್ಟನ್‌ನ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇಕಡಾ 50 ಲಾಭ ಅಂತ ಹೇಳಿ ಹೊಸಬರ ದುಡ್ಡನ್ನು ಹಳಬರಿಗೆ ಕೊಟ್ಟ. 2008ರಲ್ಲಿ ಸಿಕ್ಕಿಬಿದ್ದ ಬರ್ನಾರ್ಡ್ ಮೇಡಾಫ್ ಅದನ್ನೇ ಹಲವು ವರ್ಷಗಳ ಕಾಲ ಸದ್ದಿಲ್ಲದೆ ನಡೆಸಿದ್ದ, 2009ರಲ್ಲಿ 150 ವರ್ಷ ಜೈಲು ಶಿಕ್ಷೆಯಾಯಿತು. ಗ್ರಾಹಕರಿಗೆ ಕಾಗದದ ಮೇಲೆ ಇದ್ದ ಹಣದಲ್ಲಿ ಬಹುಪಾಲು ಎಲ್ಲೂ ಇರಲೇ ಇಲ್ಲ. ಇದನ್ನು ಓದುವಾಗ ನನಗೆ ರಷ್ಯನ್ ಲೇಖಕ ಗೊಗೊಲ್‌ನ 1842ರ ಕಾದಂಬರಿಯ ಚಿಚಿಕೋವ್ ನೆನಪಾಗುತ್ತಾನೆ. ಸತ್ತುಹೋದರೂ ಮುಂದಿನ ಜನಗಣತಿಯವರೆಗೆ ಲೆಕ್ಕದಲ್ಲಿ ಬದುಕಿರುವ ಜೀತದಾಳುಗಳನ್ನು ಅವನು ಊರೂರು ತಿರುಗಿ ಕೊಂಡುಕೊಳ್ಳುತ್ತಾನೆ, ಆ ಹೆಸರುಗಳನ್ನು ಅಡವಿಟ್ಟು ಸಾಲ ಎತ್ತುವುದಕ್ಕೆ. ಜೀವವಿಲ್ಲದ ಹೆಸರಿನ ಮೇಲೆ ಜೀವಂತ ಹಣ.

ಹಾರ್ಪಗಾನ್ ಮತ್ತು ನನ್ನ ಫೋನು

ಜಿಪುಣನನ್ನು ದುರಾಸೆಯವರ ಸಾಲಿಗೆ ಸೇರಿಸುವುದು ಸರಿಯಾ ಅಂತ ಕೆಲವರಿಗೆ ಅನ್ನಿಸಬಹುದು. ಅವನು ಇನ್ನೊಬ್ಬರದಕ್ಕೆ ಕೈ ಹಾಕುವುದಿಲ್ಲವಲ್ಲ. ಇಟಲಿಯ ಕವಿ ಡಾಂಟೆ 14ನೇ ಶತಮಾನದ ಶುರುವಿನಲ್ಲಿ ಇದಕ್ಕೆ ಒಂದು ವಿಚಿತ್ರವಾದ ಉತ್ತರ ಕೊಟ್ಟ. ಅವನ ನರಕದಲ್ಲಿ ಕೂಡಿಟ್ಟವರೂ ಹಾಳುಸುರಿದವರೂ ಒಂದೇ ಸುತ್ತಿನಲ್ಲಿದ್ದಾರೆ. ಎದೆಯಿಂದ ಭಾರವಾದ ಬಂಡೆ ದೂಡುತ್ತಾ ಎದುರುಬದುರು ಬಂದು ಡಿಕ್ಕಿ ಹೊಡೆಯುತ್ತಾರೆ. ಯಾಕೆ ಕೂಡಿಟ್ಟೆ ಅಂತ ಇವರು, ಯಾಕೆ ಚೆಲ್ಲಿದೆ ಅಂತ ಅವರು ಕೂಗುತ್ತಾರೆ, ಮತ್ತೆ ತಿರುಗಿ ದೂಡುತ್ತಾರೆ. ಯಾರ ಮುಖವೂ ಗುರುತು ಸಿಗುವುದಿಲ್ಲ. ಕೊಳ್ಳುವ ಹುಚ್ಚು ಮತ್ತು ಕೂಡಿಡುವ ಹುಚ್ಚು ಎರಡರಲ್ಲೂ ಮನುಷ್ಯ ತನ್ನ ವಸ್ತುವಿನ ಹಿಂದೆ ಓಡುತ್ತಿರುತ್ತಾನೆ.

ಮೊಲಿಯೇರ್ 1668ರಲ್ಲಿ ಬರೆದ ನಾಟಕದ ಜಿಪುಣ ಹಾರ್ಪಗಾನ್ ದುಡ್ಡಿನ ಪೆಟ್ಟಿಗೆಯನ್ನು ತೋಟದಲ್ಲಿ ಹೂತಿಟ್ಟಿದ್ದಾನೆ. ಇಟ್ಟ ಮೇಲೆ ನೆಮ್ಮದಿ ಬರಬೇಕಲ್ವಾ? ನಾಯಿ ಬೊಗಳಿದರೂ ಓಡಿಹೋಗಿ ನೋಡಿ ಬರುತ್ತಾನೆ. ಕೊನೆಗೆ ಪೆಟ್ಟಿಗೆ ಕಳುವಾದಾಗ, ಕಳ್ಳ ಕಳ್ಳ ಅಂತ ಕಿರುಚುತ್ತಾ ಬಂದು ಗಬಕ್ಕನೆ ಒಂದು ಕೈ ಹಿಡಿದುಕೊಳ್ಳುತ್ತಾನೆ, ಕೊಡು ನನ್ನ ದುಡ್ಡು ಅನ್ನುತ್ತಾನೆ. ಅದು ಅವನದೇ ಕೈ. ರಂಗದ ಮೇಲೆ ಜನ ಇದನ್ನು ನೋಡಿ ನಗುತ್ತಾರೆ. ನನಗೆ ಮಾತ್ರ ಆ ದೃಶ್ಯದಲ್ಲಿ ಸಂಕಟವಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೊದಲ ಸಲ ಒಂದಿಷ್ಟು ಉಳಿತಾಯವನ್ನು ಷೇರಿನಲ್ಲಿ ಹಾಕಿದೆ. ದೊಡ್ಡ ಮೊತ್ತವೇನಲ್ಲ. ಅವತ್ತಿನಿಂದ ದಿನಕ್ಕೆ ಹತ್ತು ಹದಿನೈದು ಸಲ ಫೋನಿನಲ್ಲಿ ಆ ಆ್ಯಪ್ ತೆಗೆಯುವುದು ರೂಢಿಯಾಯಿತು. ಹಸಿರು ಇದ್ದರೆ ಇನ್ನೂ ಹಾಕಬೇಕಿತ್ತು ಅನ್ನುವ ಕೊರಗು, ಕೆಂಪು ಇದ್ದರೆ ಹೋಯಿತಲ್ಲ ಅನ್ನುವ ಕೊರಗು. ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕತ್ತಲಲ್ಲಿ ತಡಕಾಡಿ ಫೋನ್ ತೆಗೆದು ನೋಡಿದೆ. ಮಾರುಕಟ್ಟೆ ಮುಚ್ಚಿತ್ತು. ಆ ಅಂಕಿ ಬದಲಾಗಲು ಸಾಧ್ಯವೇ ಇರಲಿಲ್ಲ, ಅದು ನನಗೆ ಗೊತ್ತಿತ್ತು, ಆದರೂ ನೋಡಿದೆ. ಪಕ್ಕದಲ್ಲಿ ಮಗು ಮಲಗಿತ್ತು, ಪರದೆಯ ಬೆಳಕು ಅದರ ಮುಖದ ಮೇಲೆ ಬಿತ್ತು, ಕಣ್ಣು ಕಿವುಚಿಕೊಂಡು ಆ ಕಡೆ ತಿರುಗಿತು. ತೋಟಕ್ಕೆ ಓಡಿಹೋಗಿ ಮಣ್ಣು ನೋಡಿ ಬರುವ ಹಾರ್ಪಗಾನ್‌ಗೂ ನನಗೂ ಆ ಗಳಿಗೆಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಒಂದು ವ್ಯತ್ಯಾಸ ಇದೆ ಅನ್ನಿ. ಹಾರ್ಪಗಾನ್‌ನನ್ನು ತೋಟಕ್ಕೆ ಬಾ ಅಂತ ಯಾರೂ ಕರೆಯುತ್ತಿರಲಿಲ್ಲ. ನನ್ನ ಫೋನು ಕರೆಯುತ್ತದೆ. ಹಳೆಯ ಕಥೆಗಳಿಗೂ ಇವತ್ತಿಗೂ ಇರುವ ಮುಖ್ಯ ವ್ಯತ್ಯಾಸ ನನ್ನ ಪ್ರಕಾರ ಇದೇ. ಆ ಕಾಲದಲ್ಲಿ ಗೆರೆಯನ್ನು ಮನುಷ್ಯನೇ ಅಳಿಸಿಕೊಳ್ಳಬೇಕಾಗಿತ್ತು. ಈಗ ಗೆರೆ ಇಲ್ಲದ ಹಾಗೆಯೇ ವಸ್ತುಗಳನ್ನು ಮಾಡುತ್ತಾರೆ. ಪುಸ್ತಕಕ್ಕೆ ಕೊನೆಯ ಪುಟ ಇದೆ, ಪತ್ರಿಕೆಗೆ ಕೊನೆಯ ಪುಟ ಇದೆ, ಪರದೆಯ ಮೇಲೆ ಬೆರಳಿನಿಂದ ತಳ್ಳುತ್ತಾ ಹೋಗುವುದಕ್ಕೆ ಕೊನೆಯಿಲ್ಲ. ಹೀಗೆ ಮುಗಿಯದೆ ಸರಿಯುವ ಪುಟವನ್ನು 2006ರ ಸುಮಾರಿಗೆ ರೂಪಿಸಿದ ಅಜಾ ರಾಸ್ಕಿನ್, ಅದರಿಂದ ಆದ ಪರಿಣಾಮಕ್ಕೆ ತನಗೆ ಪಶ್ಚಾತ್ತಾಪವಿದೆ ಅಂತ ಆಮೇಲೆ ಬಹಿರಂಗವಾಗಿ ಹೇಳಿದ್ದಾನೆ. ಇಂದ್ರಪ್ರಸ್ಥವನ್ನು ನೋಡಲು ದುರ್ಯೋಧನ ಊರು ಬಿಟ್ಟು ಹೋಗಬೇಕಾಗಿತ್ತು. ನಮಗೆ ಬೆಳಗ್ಗೆ ಕಣ್ಣು ಬಿಡುವಷ್ಟರಲ್ಲಿ ನೂರು ಇಂದ್ರಪ್ರಸ್ಥಗಳು ಅಂಗೈಗೆ ಬಂದಿರುತ್ತವೆ.

ಆದ್ದರಿಂದ ದುರಾಸೆ ಅನ್ನುವುದು ಒಬ್ಬೊಬ್ಬರ ಚಾರಿತ್ರ್ಯದ ದೋಷ ಅಂತ ಮಾತ್ರ ಹೇಳಿ ಬಿಡುವುದು ಈಗ ಸಾಲದು. ತಿಂಗಳ ಗುರಿ ಮುಟ್ಟಿದ ಕೂಡಲೇ ಮುಂದಿನ ತಿಂಗಳ ಗುರಿ ಏರಿಸುವ ಕೆಲಸದಲ್ಲಿ ಇರುವವನಿಗೆ ತೃಪ್ತಿಯಿಂದಿರು ಅಂತ ಬುದ್ಧಿ ಹೇಳಿದರೆ ಏನು ಪ್ರಯೋಜನ? ಅವನ ಸೂರ್ಯ ಮುಳುಗುವುದೇ ಇಲ್ಲ.

ಒಂದು ಹಿಡಿ ಜಾಸ್ತಿ

ಕೊನೆಗೆ ಕನ್ನಡದ್ದೇ ಒಂದು ಪ್ರಸಂಗ. ಅಲ್ಲಮಪ್ರಭು ಹೊನ್ನು ಮಾಯೆಯಲ್ಲ, 'ಮನದ ಮುಂದಣ ಆಸೆಯೇ ಮಾಯೆ' ಅಂದದ್ದು ಎಲ್ಲರ ಬಾಯಲ್ಲೂ ಇದೆ. ನಾನು ಹೇಳಹೊರಟಿರುವುದು ಅದೇ 12ನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಬಗ್ಗೆ.

ಅವಳ ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಾನೆ. ಅದರಲ್ಲಿ ಲಕ್ಕಮ್ಮ ಅಡುಗೆ ಮಾಡಿ ಬಂದವರಿಗೆ ಬಡಿಸುತ್ತಾಳೆ. ಅದೇ ಅವರ ಕಾಯಕ, ಅದೇ ಅವರ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತರುತ್ತಾನೆ. ಇಲ್ಲಿ ಸ್ವಲ್ಪ ನಿಂತು ನೋಡಿ. ಆ ಅಕ್ಕಿ ಕದ್ದದ್ದಲ್ಲ, ನೆಲಕ್ಕೆ ಬಿದ್ದದ್ದು. ಬಚ್ಚಿಡಲು ತಂದದ್ದಲ್ಲ, ಇನ್ನೊಬ್ಬರಿಗೆ ಉಣಿಸುವುದಕ್ಕೆ ತಂದದ್ದು. ಪಾಹೋಮ್‌ನ ಹೆಜ್ಜೆಗಳ ಹಾಗೆ ಇದಕ್ಕೂ ಒಳ್ಳೆಯ ಕಾರಣವೇ ಇದೆ. ಜಾಸ್ತಿ ತಂದರೆ ನಾಳೆ ನಾಲ್ಕು ಜನ ಜಾಸ್ತಿ ಉಣ್ಣುತ್ತಾರೆ.

ಲಕ್ಕಮ್ಮ ಅಕ್ಕಿ ನೋಡುತ್ತಾಳೆ. ಆಸೆ ಅನ್ನುವುದು ಅರಸರಿಗಲ್ಲದೆ ಶಿವಭಕ್ತರಿಗುಂಟೆ, 'ಈಸಕ್ಕಿಯಾಸೆ ನಿಮಗೇಕೆ' ಅಂತ ಕೇಳುತ್ತಾಳೆ. ಇಷ್ಟು ಅಕ್ಕಿಯ ಆಸೆ ನಿಮಗೇಕೆ? ಇನ್ನೊಂದು ವಚನದಲ್ಲಿ ಒಂದು ಮನಸ್ಸು ಮೀರಿ ಎರಡು ಮನಸ್ಸಿನಲ್ಲಿ ತಂದಿದ್ದೀರಿ ಅನ್ನುತ್ತಾಳೆ. ಅಳೆದದ್ದು ಅಕ್ಕಿಯನ್ನಲ್ಲ, ಆಯುವಾಗ ಇದ್ದ ಮನಸ್ಸನ್ನು. ಇದು ನಮ್ಮ ದೇವರಿಗೆ ಸಲ್ಲದ ಊಟ ಅನ್ನುತ್ತಾಳೆ. ಬೈಯುವುದಿಲ್ಲ, ಶಾಪ ಹಾಕುವುದಿಲ್ಲ. ಇಷ್ಟೇ ಹೇಳುತ್ತಾಳೆ: 'ಅಲ್ಲಿಯೆ ಸುರಿದು ಬನ್ನಿ ಮಾರಯ್ಯಾ.'

ಮಾರಯ್ಯ ಹೋಗಿ ಸುರಿದು ಬಂದ.